ಫಿರಂಗಿ ತಣಿಯುವವರೆಗೆ

ಸಂಜೆ ಆರಕ್ಕೆ ಕರಣೆ ತೊಳೆದಿಟ್ಟು
ಎದಿರ್ನೆಕಪಿಯ ಇಳಿಜಾರಿನಲ್ಲಿರುವ
ಶೆವ್ಕಿಯ ಇಂಟರ್ನೆಟ್ ಕೆಫೆಗೆ ಹೋಗುತ್ತೇನೆ.
ಹನ್ನೊಂದನೇ ಯಂತ್ರ ನನ್ನದು.
ಕೀಲಿಮಣೆಯ ಸಂದಿಯಲ್ಲಿ ಕೂತ ಬಿಳಿ ಧೂಳು
ನನ್ನ ಉಗುರಿನದು;
ಬೇರೆ ಯಾರೂ ಅಲ್ಲಿ ಕೂರುವುದಿಲ್ಲ.

ಹಗಲೆಲ್ಲ ಹಳೇ ಕೋಟೆಗೋಡೆಗೆ ತೇಪೆ ಹಾಕುವ ಕೆಲಸ.
ಇಟ್ಟಿಗೆ ಪುಡಿ, ಸುಣ್ಣ, ತೊಳೆದ ಮರಳು.
ನೆನೆಸಿ, ಮೆದ್ದು, ತುಂಬಿ, ಒದ್ದೆ ಗೋಣಿ ಹೊದಿಸಿ
ಹಸುಗೂಸಿನ ಹಾಗೆ ಕಾಯಬೇಕು.
ಒಂದು ಮೊಳ ಏಳಲು ಒಂಬತ್ತು ದಿನ.
ನಡುವೆ ಮಳೆ ಬಂದರೆ ದೇವರೇ ಗತಿ.

ರಾತ್ರಿ ಅದೇ ಗೋಡೆಯನ್ನು ನಾನೇ ಒಡೆಯುತ್ತೇನೆ.
ನಗಬೇಡಿ.
ಆ ಆಟದಲ್ಲಿ ನಮ್ಮ ಕಡೆಯವರಿಗಷ್ಟೇ ಸಿಗುವ
ದೊಡ್ಡ ಫಿರಂಗಿಯೊಂದಿದೆ.
ಐನೂರು ಚಿನ್ನ, ಇನ್ನೂರು ಮರ ಸುರಿದರೆ
ಒಂದು ಗ್ಲಾಸು ಚಹಾ ಮುಗಿಯುವ ಹೊತ್ತಿಗೆ
ಎರಕದ ಮನೆಯಿಂದ ಹೊರಬರುತ್ತದೆ.
ಎತ್ತು ಕಟ್ಟಿ ಎಳೆಸಬೇಕು. ಗಬ್ಬದ ಎಮ್ಮೆಯ ನಡಿಗೆ.
ಹೊಳೆ ದಾಟದು, ಏರು ಹತ್ತದು.
ಕೋಟೆ ಕೆಡವುವ ಅಂಥ ಬಾಯಿ
ಹತ್ತಿರ ಬಂದ ಒಬ್ಬನೇ ಒಬ್ಬ ಸವಾರನ ಮುಂದೆ ಮೂಕ.

ಪಕ್ಕದ ಯಂತ್ರದಲ್ಲಿ ನನ್ನ ಜೊತೆಗಾರ ಯಲಿನ್,
ವಯಸ್ಸು ಹದಿನಾಲ್ಕು, ಶಾಲೆಯ ಟೈ ಜೇಬಿನಲ್ಲಿ.
"ಭರ್ಜಿಯವರು ಮುಂದೆ, ಫಿರಂಗಿ ಹಿಂದೆ,
ಎಷ್ಟು ಸಲ ಹೇಳಲಿ ಉಸ್ತಾ?"
ಬೈಸಿಕೊಳ್ಳುತ್ತೇನೆ.
ಹಗಲು ಕೂಲಿಹುಡುಗರನ್ನು ನಾನೂ ಹೀಗೇ ಬೈದಿರುತ್ತೇನಲ್ಲ.

ಮೊದಲ ಗುಂಡು.
ಪರದೆ ನಡುಗುತ್ತದೆ, ಗ್ಲಾಸಿನ ಚಹಾ ನಡುಗುವುದಿಲ್ಲ.
ಎರಡು. ಮೂರು.
ಗೋಪುರ ಕುಕ್ಕರಿಸುತ್ತದೆ, ಕಾಲು ಸೋತ ಮುದುಕಿಯಂತೆ.
ಆಮೇಲೆ ಏನೂ ಇಲ್ಲ.
ಕಲ್ಲು ಉಳಿಯುವುದಿಲ್ಲ, ಸುಣ್ಣದ ಮೋಡ ಏಳುವುದಿಲ್ಲ,
ಯಾರೂ ಕೆಮ್ಮುವುದಿಲ್ಲ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಸರಿ.
ಇಲ್ಲಿ ದೊಣ್ಣೆಗೇ ಎತ್ತು, ಎರಕ, ಚಿನ್ನ ಎಲ್ಲ ಕೊಟ್ಟು
ಕುಂಬಾರನನ್ನು ಮರೆತೇಬಿಟ್ಟಿದ್ದಾರೆ.

ನನ್ನ ಜೇಬಿನಲ್ಲಿ ಎದೆಗೆ ಮದ್ದು,
ಪರದೆಯ ಪೀಪಾಯಿಯಲ್ಲಿ ಗೋಡೆಗೆ ಮದ್ದು.
ಎರಡನ್ನೂ ಒಣ ಜಾಗದಲ್ಲೇ ಇಡಬೇಕು.

ಒಂದು ಸಲ ಹಾರಿಸಿದರೆ ಫಿರಂಗಿ ತಣಿಯಲು
ಹನ್ನೆರಡು ಎಣಿಸಬೇಕು.
ನಿಜ ಹೇಳಲೇ? ನಾನು ಬರುವುದು ಆ ಹನ್ನೆರಡಕ್ಕೆ.
ನಾಲ್ವರು ಗೋಲಂದಾಜರು.
ಒಬ್ಬ ನಳಿಗೆ ಒರೆಸುತ್ತಾನೆ, ಒಬ್ಬ ಮದ್ದು ಜಡಿಯುತ್ತಾನೆ,
ಒಬ್ಬ ಗುಂಡುಕಲ್ಲು ಉರುಳಿಸಿ ತರುತ್ತಾನೆ.
ನಾಲ್ಕನೆಯವನಿಗೆ ಕೆಲಸವಿಲ್ಲ.
ಸೊಂಟದ ಮೇಲೆ ಕೈಯಿಟ್ಟು ಗೋಡೆ ನೋಡುತ್ತಾನೆ.
ಅವನನ್ನು ನಾನು ಸಿತ್ಕಿ ಎಂದು ಕರೆಯುತ್ತೇನೆ.
ಸಾರವೆಯ ಮೇಲೆ ಇಪ್ಪತ್ತು ವರ್ಷ ನನ್ನ ಎಡಕ್ಕಿದ್ದವನು ಸಿತ್ಕಿ,
ಕಲ್ಲಿಡುವ ಮುಂಚೆ ಹೀಗೇ ನಿಂತು
"ತಡಿ, ಗೋಡೆ ಏನೋ ಹೇಳ್ತಿದೆ" ಅನ್ನುತ್ತಿದ್ದ.
ಹೋದ ಚಳಿಗಾಲ ಹೋದ.

ನಿನ್ನೆ ಎಡಗಡೆಯಿಂದ ಕುದುರೆಗಳು ನುಗ್ಗಿದವು.
"ಫಿರಂಗಿ ಹೋದರೆ ಹೋಗಲಿ, ಇನ್ನೊಂದೇ ಗುಂಡು, ಹೊಡಿ!"
ಯಲಿನ್ ಕಿರುಚಿದ.
ಅವನ ಲೆಕ್ಕ ಸರಿಯಾಗಿಯೇ ಇತ್ತು.
ನಾನು ಎತ್ತು ಕಟ್ಟಿಸಿದೆ. ಹಿಂದಕ್ಕೆ ತಿರುಗಿಸಿದೆ.
ಅಯ್ಯೋ, ತಿರುಗಲು ಅದಕ್ಕೆ ಅದೆಷ್ಟು ಹೊತ್ತು!
ಮೊದಲು ಒರೆಸುವವನು ಬಿದ್ದ, ಆಮೇಲೆ ಉರುಳಿಸುವವನು.
ನಾಲ್ಕನೆಯವನು ಓಡಲೂ ಇಲ್ಲ,
ಇನ್ನೂ ಗೋಡೆಯನ್ನೇ ನೋಡುತ್ತಿದ್ದ.

ಯಲಿನ್ ಮಾತಾಡದೆ ಎದ್ದು ಹೋದ.
ಶೆವ್ಕಿ ಬರೆದುಕೊಂಡ: ಎರಡು ಗಂಟೆ, ಮೂರು ಚಹಾ.

ಬೆಳಿಗ್ಗೆ ಗೋಣಿ ಸರಿಸಿ, ಕಲ್ಲು ಪಕ್ಕಕ್ಕಿಟ್ಟು ನಿಂತಿದ್ದೆ.
ಹೊಸ ಹುಡುಗ ಕೇಳಿದ, "ಏನು ನೋಡ್ತಿದ್ದೀರಿ ಉಸ್ತಾ?"
ಎಣಿಸುತ್ತಿದ್ದೆ.
ಏಳಕ್ಕೆ ಬಂದಿದ್ದೆ. ಕೆಳಗೆ ಬಸ್ಸು ಹಾರ್ನ್ ಹೊಡೆದು
ಲೆಕ್ಕ ತಪ್ಪಿತು.